ಕೊರವ ಮೀನಿಗೆ ಬೇಟ್‌ಕಾಸ್ಟಿಂಗ್ ರೀಲ್: ಯಾವುದನ್ನು ಕೊಳ್ಳುವುದು, ಕೈ ಪಳಗಿಸುವುದು ಹೇಗೆ?

ಪ್ರಶ್ನೆ: ಮದ್ದೂರಿನ ಸುತ್ತಮುತ್ತಲ ಕೆರೆಗಳಲ್ಲಿ ರಬ್ಬರ್ ಕಪ್ಪೆ ಹಾಕಿ ಕೊರವ ಹಿಡಿಯುತ್ತೇನೆ. ಇಷ್ಟು ದಿನ ಸ್ಪಿನ್ನಿಂಗ್ ರೀಲ್, 20 ಪೌಂಡ್ ಬ್ರೇಡ್ (ಹೆಣೆದ) ದಾರ. ಮೀನು ಕಚ್ಚಿದ ತಕ್ಷಣ ಜೊಂಡಿನೊಳಗೆ ನುಗ್ಗಿ ಬಿಡಿಸಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲ್ ತಗೋ ಅನ್ನುತ್ತಾರೆ ಗೆಳೆಯರು. ಒಬ್ಬರ ರೀಲ್ ಇಸಕೊಂಡು ಎಸೆದೆ, ಮೊದಲ ಎಸೆತಕ್ಕೇ ದಾರವೆಲ್ಲ ಸಿಕ್ಕಾಯಿತು. ನಾನು ಬಲಗೈಯವನು, ಆದರೆ ಸ್ಪಿನ್ನಿಂಗ್ ರೀಲನ್ನು ಎಡಗೈಯಲ್ಲಿ ಸುತ್ತುತ್ತೇನೆ. ರೀಲಿಗೆ ಆರೇಳು ಸಾವಿರ ಇಟ್ಟಿದ್ದೇನೆ. ಯಾವುದನ್ನು ಕೊಳ್ಳಲಿ, ಹೇಗೆ ಕಲಿಯಲಿ?

ಉತ್ತರ: ನಿಮ್ಮ ಕೆಲಸಕ್ಕೆ ಬೇಟ್‌ಕಾಸ್ಟಿಂಗ್ ರೀಲೇ ಸರಿ. ಎಡಗಡೆ ಹ್ಯಾಂಡಲ್ ಇರುವ, ಗೇರ್ ರೇಶಿಯೊ 7ರ ಆಸುಪಾಸಿನ, ಹೊರಗಿನ ಡಯಲ್‌ನಿಂದ ಬ್ರೇಕ್ ಹೊಂದಿಸಬಹುದಾದ ಲೋ ಪ್ರೊಫೈಲ್ (ತಗ್ಗು ಮೈಯ) ರೀಲ್ ಕೊಳ್ಳಿ. ಅದಕ್ಕೆ 7 ಅಡಿಯ ಹೆವಿ ಕಾಸ್ಟಿಂಗ್ ರಾಡ್ ಮತ್ತು 50 ಪೌಂಡ್ ಬ್ರೇಡ್ ಇರಲಿ. ಆದರೆ ಆ ಬ್ರೇಡ್ ಸುತ್ತುವ ಮೊದಲು ಎರಡು ವಾರ ಸಾದಾ ನೈಲಾನ್ ದಾರದಲ್ಲಿ, ನೀರಿಲ್ಲದ ಬಯಲಿನಲ್ಲಿ ಎಸೆದು ಕಲಿಯಿರಿ. ಈ ಎರಡು ವಾರವನ್ನು ಹಾರಿಸಿ ನೇರ ಕೆರೆಗೆ ಹೋದವರೇ ಮೂರನೇ ದಿನ ರೀಲನ್ನು ಡಬ್ಬಕ್ಕೆ ಹಾಕುವುದು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ದೂರ ಎಸೆಯುವ ಆಸೆಗೆ ಈ ರೀಲ್ ಕೊಳ್ಳಬೇಡಿ. ಹಗುರ ಲೂರ್ (ರಬ್ಬರ್ ಕಪ್ಪೆಯಂಥ ಕೃತಕ ಎರೆ) ಎಸೆಯುವುದರಲ್ಲಿ, ಎದುರುಗಾಳಿಯಲ್ಲಿ, ಕಲಿಯುವ ಸುಲಭದಲ್ಲಿ ಸ್ಪಿನ್ನಿಂಗ್ ರೀಲೇ ಮುಂದೆ. ಬೇಟ್‌ಕಾಸ್ಟಿಂಗ್ ರೀಲ್ ಗೆಲ್ಲುವುದು ಬೇರೆ ಎರಡು ಕಡೆ: ಲೂರನ್ನು ಜೊಂಡಿನ ಸಂದಿಯಲ್ಲಿ ಅಂದುಕೊಂಡ ಜಾಗಕ್ಕೇ ಇಳಿಸುವುದರಲ್ಲಿ, ಮತ್ತು ದಪ್ಪ ದಾರದಲ್ಲಿ ಮೀನನ್ನು ಎಳೆದು ತರುವುದರಲ್ಲಿ. ನಿಮಗೆ ಬೇಕಾಗಿರುವುದು ಇವೆರಡೇ. ಹಳೆಯ ಸ್ಪಿನ್ನಿಂಗ್ ಸೆಟ್ ಮಾರಬೇಡಿ, 10 ಗ್ರಾಂಗಿಂತ ಹಗುರದ ಲೂರ್‌ಗಳಿಗೆ ಅದು ಬೇಕೇ ಬೇಕು.

ಸಿಕ್ಕು ಏಕೆ ಆಗುತ್ತದೆ

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ (ದಾರ ಸುತ್ತಿರುವ ಉರುಳೆ) ಅಲುಗಾಡುವುದಿಲ್ಲ. ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಸ್ಪೂಲೇ ತಿರುಗಬೇಕು. ಹಾರುತ್ತಿರುವ ಲೂರ್ ದಾರವನ್ನು ಎಳೆಯುತ್ತದೆ, ದಾರ ಸ್ಪೂಲನ್ನು ತಿರುಗಿಸುತ್ತದೆ. ಲೂರ್ ಗಾಳಿಗೆ ಸಿಕ್ಕಿ ನಿಧಾನವಾದರೂ ಸ್ಪೂಲ್ ತನ್ನ ವೇಗವನ್ನು ತಕ್ಷಣ ಬಿಡುವುದಿಲ್ಲ. ಲೂರ್ ಒಯ್ಯುವುದಕ್ಕಿಂತ ಹೆಚ್ಚು ದಾರವನ್ನು ಸ್ಪೂಲ್ ಬಿಚ್ಚಿದ ಕ್ಷಣದಲ್ಲಿ ಆ ಹೆಚ್ಚುವರಿ ದಾರ ಸ್ಪೂಲಿನ ಮೇಲೇ ಉಬ್ಬಿ, ಹಿಂದಕ್ಕೆ ಸುತ್ತಿಕೊಂಡು ಗಂಟಾಗುತ್ತದೆ. ಬ್ಯಾಕ್‌ಲ್ಯಾಶ್ ಅನ್ನುವುದು ಇದನ್ನೇ.

ಇದು ಎಸೆತದ ಮೂರು ಹಂತಗಳಲ್ಲಿ ಆಗಬಹುದು. ರಾಡನ್ನು ಜರ್ಕ್ ಹೊಡೆದು ಬೀಸಿದರೆ ಮೊದಲಲ್ಲೇ ಸ್ಪೂಲ್ ಹುಚ್ಚು ವೇಗಕ್ಕೆ ಹೋಗುತ್ತದೆ. ಗಾಳಿ ಎದುರಾದರೆ, ಅಥವಾ ಲೂರ್ ಹಗುರವಾಗಿ ಅಗಲವಾಗಿದ್ದರೆ, ನಡುವೆ ಆಗುತ್ತದೆ. ಲೂರ್ ನೀರಿಗೆ ಬಿದ್ದ ಮೇಲೂ ಸ್ಪೂಲ್ ತಿರುಗುತ್ತಿದ್ದರೆ ಕೊನೆಯಲ್ಲಿ. ಈ ಮೂರನ್ನೂ ತಡೆಯಲು ರೀಲಿನಲ್ಲಿ ಮೂರು ಹಿಡಿತಗಳಿವೆ: ಸ್ಪೂಲ್ ಟೆನ್ಷನ್ ನಾಬ್, ಬ್ರೇಕ್, ನಿಮ್ಮ ಹೆಬ್ಬೆರಳು. ಮೊದಲ ಎರಡನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಮೂರನೆಯದನ್ನು ಕಲಿತೇ ಪಡೆಯಬೇಕು. ಎಷ್ಟೇ ದುಬಾರಿ ರೀಲಾದರೂ ಕೊನೆಯ ಹಂತದ ಸಿಕ್ಕನ್ನು ನಿಲ್ಲಿಸುವುದು ಹೆಬ್ಬೆರಳೇ.

ಟೆನ್ಷನ್ ನಾಬ್ ಹ್ಯಾಂಡಲ್ ಇರುವ ಬದಿಯಲ್ಲಿ, ಸ್ಟಾರ್ ಡ್ರ್ಯಾಗಿನ (ಮೀನು ಎಳೆದಾಗ ದಾರ ಎಷ್ಟು ಬಿಗಿಗೆ ಜಾರಬೇಕೆಂದು ಹೊಂದಿಸುವ ನಕ್ಷತ್ರಾಕಾರದ ಚಕ್ರ) ಪಕ್ಕದಲ್ಲಿರುವ ಸಣ್ಣ ತಿರುಪು. ಅದು ಸ್ಪೂಲಿನ ಅಚ್ಚನ್ನು ತುದಿಯಿಂದ ಅದುಮುತ್ತದೆ. ಎಸೆತದ ಆರಂಭದಿಂದ ಕೊನೆಯವರೆಗೆ ಒಂದೇ ಸಮ ತಡೆ. ಬ್ರೇಕ್ ಹಾಗಲ್ಲ, ಸ್ಪೂಲಿನ ವೇಗಕ್ಕೆ ತಕ್ಕಂತೆ ಹಿಡಿಯುತ್ತದೆ. ಮ್ಯಾಗ್ನೆಟಿಕ್ ಬ್ರೇಕಿನಲ್ಲಿ ಅಯಸ್ಕಾಂತಗಳ ಸಾಲಿನ ಎದುರು ಅಲ್ಯೂಮಿನಿಯಂ ಸ್ಪೂಲ್ ತಿರುಗುವಾಗ ಲೋಹದಲ್ಲಿ ವಿದ್ಯುತ್ ಸುಳಿ ಹುಟ್ಟಿ, ಅದೇ ತಿರುಗುವಿಕೆಯನ್ನು ಎದುರಿಸುತ್ತದೆ; ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಸೆಂಟ್ರಿಫ್ಯೂಗಲ್ ಬ್ರೇಕಿನಲ್ಲಿ ಸಣ್ಣ ಪ್ಲಾಸ್ಟಿಕ್ ತುಂಡುಗಳು ವೇಗಕ್ಕೆ ಹೊರಕ್ಕೆ ಚಿಮ್ಮಿ ಬಳೆಯೊಂದಕ್ಕೆ ಉಜ್ಜುತ್ತವೆ. ಇದರ ಹಿಡಿತ ಎಸೆತದ ಮೊದಲಲ್ಲಿ ಜೋರು, ವೇಗ ಇಳಿದಂತೆ ಬೇಗ ಸಡಿಲ, ಹಾಗಾಗಿ ಕೈ ಪಳಗಿದವರಿಗೆ ಕೊನೆಯಲ್ಲಿ ಕೊಂಚ ಹೆಚ್ಚು ದೂರ ಸಿಗುತ್ತದೆ. ಹೊಸಬರಿಗೆ ಮ್ಯಾಗ್ನೆಟಿಕ್ ಅನುಕೂಲ: ಪಕ್ಕದ ಮುಚ್ಚಳ ತೆಗೆಯದೆ ಡಯಲ್ ತಿರುಗಿಸಿದರೆ ಆಯಿತು. ಕೆಲವು ಸೆಂಟ್ರಿಫ್ಯೂಗಲ್ ರೀಲ್‌ಗಳಿಗೂ ಈಗ ಹೊರಗೆ ಡಯಲ್ ಇದೆ, ಅದೂ ಆಗುತ್ತದೆ. ಮುಚ್ಚಳ ಬಿಚ್ಚಿ ಒಂದೊಂದೇ ಪಿನ್ ಹೊಂದಿಸುವ ಹಳೆಯ ಬಗೆಯದ್ದನ್ನು ಮಾತ್ರ ಮೊದಲ ರೀಲಾಗಿ ಬೇಡ. ಕೆರೆ ಏರಿಯ ಮೇಲೆ ನಿಂತು ಅದನ್ನು ಬಿಚ್ಚಿದಾಗ ಪಿನ್ ಕಳೆದುಹೋಗುವುದು ಬಹಳ ಸಾಮಾನ್ಯ.

ಡಿಸಿ ಎಂಬ ಎಲೆಕ್ಟ್ರಾನಿಕ್ ಬ್ರೇಕಿನ ರೀಲ್ ನಿಮ್ಮ ಬಜೆಟ್ಟಿಗೆ ದೂರ. ಸಿಕ್ಕು ಕಡಿಮೆ ಮಾಡುತ್ತದೆ ನಿಜ, ಆದರೆ ಹೆಬ್ಬೆರಳನ್ನು ಸೋಮಾರಿ ಮಾಡುತ್ತದೆ.

ಕೊಳ್ಳುವಾಗ

ಹ್ಯಾಂಡಲಿನಿಂದ ಶುರು ಮಾಡೋಣ, ಏಕೆಂದರೆ ಇಲ್ಲಿ ತಪ್ಪಿದರೆ ತಿದ್ದಲಾಗದು. ಸ್ಪಿನ್ನಿಂಗ್ ರೀಲಿನ ಹ್ಯಾಂಡಲನ್ನು ಬಿಚ್ಚಿ ಆಚೆ ಬದಿಗೆ ಹಾಕಬಹುದು. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಗೇರುಗಳೆಲ್ಲ ಒಂದೇ ಬದಿಯಲ್ಲಿರುವುದರಿಂದ ಅದು ಸಾಧ್ಯವಿಲ್ಲ. ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತುವ ರೂಢಿ ನಿಮಗಿದೆ, ಹಾಗಾಗಿ ಎಡಗಡೆ ಹ್ಯಾಂಡಲ್ ತಗೊಳ್ಳಿ. ಬಲಗಡೆಯದ್ದಾದರೆ ಪ್ರತಿ ಎಸೆತದ ನಂತರ ರಾಡನ್ನು ಕೈಯಿಂದ ಕೈಗೆ ಬದಲಿಸಬೇಕು. ಕಪ್ಪೆ ನೀರಿಗೆ ಬಿದ್ದ ಕ್ಷಣದಲ್ಲೇ ಕೊರವ ಎರಗುವುದುಂಟು, ಆಗ ಕೈ ಬದಲಿಸುತ್ತ ನಿಂತರೆ ಮೀನು ಹೋಯಿತು. ಅಂಗಡಿಗಳಲ್ಲಿ ಬಲಗಡೆಯದ್ದೇ ಹೆಚ್ಚು ಸ್ಟಾಕ್ ಇರುತ್ತದೆ, 'ಇದೂ ಒಂದೇ ಸರ್, ರೂಢಿ ಆಗುತ್ತೆ' ಅನ್ನುತ್ತಾರೆ. ಒಪ್ಪಬೇಡಿ. ಶಿಮಾನೊ ರೀಲ್‌ಗಳಲ್ಲಿ ಎಸ್‌ಎಲ್‌ಎಕ್ಸ್ 150 ಅಂದರೆ ಬಲಗಡೆ, 151 ಅಂದರೆ ಎಡಗಡೆ. ಅಬು ಗಾರ್ಸಿಯಾ, ಡೈವಾ ರೀಲ್‌ಗಳ ಎಡಗಡೆ ಮಾದರಿಯ ಹೆಸರಿನ ಕೊನೆಯಲ್ಲಿ ಎಲ್ ಅಕ್ಷರ ಇರುತ್ತದೆ.

ಗೇರ್ ರೇಶಿಯೊ ಎಂದರೆ ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಸ್ಪೂಲ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ದಾರ ತುಂಬಿದ ಸ್ಪೂಲಿನ ಅಡ್ಡಳತೆ 34 ಮಿ.ಮೀ. ಅಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 107 ಮಿ.ಮೀ. ದಾರ. ರೇಶಿಯೊ 7.2 ಇದ್ದರೆ ಹ್ಯಾಂಡಲಿನ ಒಂದು ಸುತ್ತಿಗೆ 77 ಸೆಂ.ಮೀ. ಒಳಗೆ ಬರುತ್ತದೆ, 5.4 ಇದ್ದರೆ 58 ಸೆಂ.ಮೀ. ಮಾತ್ರ. ಕಪ್ಪೆಯನ್ನು ಓಡಿಸುವುದು ರಾಡಿನ ತುದಿಯ ಕುಣಿತ, ರೀಲ್ ಮಾಡುವುದು ಸಡಿಲ ದಾರವನ್ನು ಎಳೆದುಕೊಳ್ಳುವ ಕೆಲಸ. ಮೀನು ಬಾಯಿ ಹಾಕಿದಾಗ ಆ ಸಡಿಲವನ್ನು ಒಂದೆರಡು ಸುತ್ತಿನಲ್ಲಿ ತೆಗೆದು ಹೊಡೆಯಬೇಕು, ಅಂದರೆ ರಾಡನ್ನು ಜಗ್ಗಿ ಕೊಕ್ಕೆ ನಾಟಿಸಬೇಕು. ಅದಕ್ಕೇ 7ರಿಂದ 7.5ರ ನಡುವಿನದು ಸಾಕು. 8ರ ಮೇಲಿನದ್ದು ವೇಗ ಹೌದು, ಆದರೆ ಅಂತರಗಂಗೆಯ ರಾಶಿ ಸಮೇತ ಮೀನು ಎಳೆಯುವಾಗ ಹ್ಯಾಂಡಲ್ ಭಾರವಾಗುತ್ತದೆ. ಆಳದಲ್ಲಿ ಓಡುವ ದೊಡ್ಡ ಕ್ರ್ಯಾಂಕ್‌ಬೇಟ್ ಎಳೆಯುವವರಿಗಷ್ಟೇ 5ರ ಆಸುಪಾಸು ಬೇಕು.

ಬೇರಿಂಗ್ ಲೆಕ್ಕಕ್ಕೆ ಮರುಳಾಗಬೇಡಿ. ಎರಡು ಸಾವಿರದ ರೀಲಿನ ಡಬ್ಬದ ಮೇಲೆ '17+1' ಅಂತ ಬರೆದಿರುತ್ತದೆ. ಎಸೆತಕ್ಕೆ ಮುಖ್ಯವಾದದ್ದು ಸ್ಪೂಲಿನ ಎರಡು ತುದಿಗಳನ್ನು ಹೊರುವ ಬೇರಿಂಗ್‌ಗಳು. ಅವು ಚೆನ್ನಾಗಿದ್ದು ಒಟ್ಟು ನಾಲ್ಕೈದು ಇದ್ದರೂ ರೀಲ್ ಒಳ್ಳೆಯದೇ. ಗೇರು ಕೂಡಿಸಿ ಸ್ಪೂಲನ್ನು ವೇಗವಾಗಿ ತಿರುಗಿಸುವ ಈ ರೀಲನ್ನು 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಮೊದಲು ಕೈಯಿಂದ ತಯಾರಿಸಿದವರಲ್ಲಿ ಹೆಸರು ಕೇಳಿಬರುವ ಜಾರ್ಜ್ ಸ್ನೈಡರ್ ಒಬ್ಬ ಗಡಿಯಾರ ಕುಶಲಕರ್ಮಿ. ಇದು ಅಷ್ಟು ಸೂಕ್ಷ್ಮದ ಯಂತ್ರ. ಸ್ಪೂಲ್ ಒಂದು ಕೂದಲೆಳೆ ಓರೆಯಿದ್ದರೂ ಎಸೆತದಲ್ಲಿ ನಡುಗುತ್ತದೆ. ಅಗ್ಗದ ರೀಲಿನಲ್ಲಿ ಕಲಿಯುವುದು ಕಷ್ಟ ಎನ್ನುವುದು ಇದಕ್ಕೇ: ತಪ್ಪು ನಿಮ್ಮದೋ ರೀಲಿನದೋ ಗೊತ್ತೇ ಆಗುವುದಿಲ್ಲ.

ಅಂಗಡಿಯಲ್ಲಿ ರೀಲನ್ನು ಕೈಗೆ ತೆಗೆದುಕೊಂಡು ಹೀಗೆ ನೋಡಿ. ಬ್ರೇಕನ್ನು ಸೊನ್ನೆಗೆ ತಂದು, ಟೆನ್ಷನ್ ನಾಬ್ ಸಡಿಲಿಸಿ, ಥಂಬ್ ಬಾರ್ (ಸ್ಪೂಲನ್ನು ಬಿಡುಗಡೆ ಮಾಡುವ ಹೆಬ್ಬೆರಳ ಗುಂಡಿ) ಒತ್ತಿ ಸ್ಪೂಲನ್ನು ಬೆರಳಿನಿಂದ ತಿರುಗಿಸಿ, ಕಿವಿಗೆ ಹಿಡಿಯಿರಿ. ಸಮನಾದ ಸಣ್ಣ ಶಬ್ದ ಬರಬೇಕು. ಗರಗರ ಅಂದರೆ, ನಿಲ್ಲುವಾಗ ಹಿಂದೆ ಮುಂದೆ ತೂಗಿದರೆ ಬೇಡ. ಹ್ಯಾಂಡಲನ್ನು ಮುಂದಕ್ಕೆ ತಿರುಗಿಸಿ ತಟ್ಟನೆ ಹಿಂದಕ್ಕೆ ಒತ್ತಿ. ಒಂದಿನಿತೂ ಹಿಂದೆ ಸರಿಯಬಾರದು. ಸ್ಪೂಲಿನ ಅಂಚಿಗೂ ಚೌಕಟ್ಟಿಗೂ ನಡುವೆ ದಾರ ತೂರುವಷ್ಟು ಸಂದಿ ಇದೆಯೇ ನೋಡಿ, ಇದ್ದರೆ ಬ್ರೇಡ್ ಒಳಗೆ ಇಳಿದು ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಸ್ಟಾರ್ ಡ್ರ್ಯಾಗನ್ನು ಒಂದೊಂದೇ ಹಲ್ಲು ಬಿಗಿಸುತ್ತ ದಾರ ಎಳೆದು ನೋಡಿ: ಬಿಗಿ ಹಂತಹಂತವಾಗಿ ಏರಬೇಕು, ಬಿಟ್ಟು ಹಿಡಿದು ಎಳೆಯಬಾರದು. ಕೊನೆಗೆ ರೀಲನ್ನು ರಾಡಿಗೆ ಕೂರಿಸಿ ಅಂಗೈ ತುಂಬ ಹಿಡಿದಾಗ ಹೆಬ್ಬೆರಳು ಸಲೀಸಾಗಿ ಸ್ಪೂಲಿನ ನಡುವೆ ಕೂರಬೇಕು. ಕೈ ಚಿಕ್ಕದಿದ್ದವರಿಗೆ ದೊಡ್ಡ ರೀಲಿನಲ್ಲಿ ಇದು ಆಗುವುದಿಲ್ಲ.

ನಿಮ್ಮ ಬಜೆಟ್ಟಿನ ಆಸುಪಾಸಿನಲ್ಲಿ ಅಬು ಗಾರ್ಸಿಯಾ ಬ್ಲ್ಯಾಕ್ ಮ್ಯಾಕ್ಸ್ ನೋಡಬಹುದು. ರೇಶಿಯೊ 6.4, ಮ್ಯಾಗ್ನೆಟಿಕ್ ಬ್ರೇಕ್, ಕಲಿಕೆಗೆ ತಕ್ಕುದು. ವೇಗ ಮಾತ್ರ ಕೊಂಚ ಕಡಿಮೆ. ಸ್ವಲ್ಪ ಹೆಚ್ಚು ಹಾಕಿಕೊಳ್ಳಲು ಆದರೆ ಶಿಮಾನೊ ಎಸ್‌ಎಲ್‌ಎಕ್ಸ್ ಅಥವಾ ಡೈವಾ ಫ್ಯೂಗೊ ಸಿಟಿ. ಎರಡರಲ್ಲೂ 7ರ ಮೇಲಿನ ರೇಶಿಯೊ ಸಿಗುತ್ತದೆ. ಹಣ ಉಳಿಸಬೇಕೆಂದರೆ ಲೂರ್‌ಗಳಲ್ಲಿ ಉಳಿಸಿ, ರೀಲಿನಲ್ಲಿ ಬೇಡ.

ರಾಡ್, ದಾರ

ಸ್ಪಿನ್ನಿಂಗ್ ರಾಡಿಗೆ ಈ ರೀಲನ್ನು ಕಟ್ಟಬೇಡಿ. ಕಾಸ್ಟಿಂಗ್ ರಾಡಿನಲ್ಲಿ ರೀಲ್ ಮೇಲ್ಗಡೆ ಕೂರುತ್ತದೆ, ದಾರ ಹಾಯುವ ಬಳೆಗಳೂ ಮೇಲ್ಗಡೆ, ಹಿಡಿಯ ಕೆಳಗೆ ಬೆರಳಿಗೆ ಸಿಗುವ ಕೊಕ್ಕೆಯಿರುತ್ತದೆ. 6 ಅಡಿ 6 ಅಂಗುಲದಿಂದ 7 ಅಡಿ, ಹೆವಿ ಪವರ್ (ಗಟ್ಟಿ), ಫಾಸ್ಟ್ ಆ್ಯಕ್ಷನ್ (ತುದಿಯ ಕಡೆ ಮಾತ್ರ ಬಾಗುವಂಥದ್ದು) ಇರಲಿ. ರಾಡಿನ ಮೇಲೆ ಬರೆದಿರುವ ಲೂರ್ ತೂಕವನ್ನು ಓದಿ: 10ರಿಂದ 40 ಗ್ರಾಂ ಎಂದಿದ್ದರೆ ಸಲೀಸಾಗಿ ಎಸೆಯಬಹುದಾದದ್ದು 14ರಿಂದ 28 ಗ್ರಾಂ. ಈ ತೂಕಕ್ಕಿಂತ ಹಗುರದ್ದನ್ನು ಎಸೆದರೆ ರಾಡ್ ಬಾಗುವುದೇ ಇಲ್ಲ. ಬಾಗದ ರಾಡಿನಿಂದ ಎಸೆಯಲು ತೋಳಿನ ಬಲ ಹಾಕುತ್ತೀರಿ, ತೋಳಿನ ಬಲ ಜರ್ಕ್ ಆಗುತ್ತದೆ, ಜರ್ಕ್ ಸಿಕ್ಕಾಗುತ್ತದೆ. ಹೊಸಬರ ಬ್ಯಾಕ್‌ಲ್ಯಾಶ್‌ಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ, ರೀಲಿನಲ್ಲಲ್ಲ.

ನಿಮ್ಮ ಕಪ್ಪೆಯನ್ನೂ ತೂಕ ಹಾಕಿ ನೋಡಿ. 4-5 ಸೆಂ.ಮೀ.ನ ಪುಟ್ಟ ಕಪ್ಪೆಗಳು 8-9 ಗ್ರಾಂ ಇರುತ್ತವೆ. ಅವು ಸ್ಪಿನ್ನಿಂಗ್‌ಗೇ ಇರಲಿ. 6 ಸೆಂ.ಮೀ. ಆಸುಪಾಸಿನ 14 ಗ್ರಾಂನದ್ದು ಈ ಸೆಟ್ಟಿಗೆ ಹೊಂದುತ್ತದೆ.

ಕಲಿಯಲು 12ರಿಂದ 14 ಪೌಂಡಿನ ನೈಲಾನ್ ಮೋನೊ ದಾರ, ಸುಮಾರು 0.35 ಮಿ.ಮೀ. ದಪ್ಪ. ಸಿಕ್ಕು ಬಿಡಿಸಲು ಸುಲಭ, ಕೆಟ್ಟರೆ ನಷ್ಟ ಕಡಿಮೆ. ಕೈ ಕೂತ ಮೇಲೆ 50 ಪೌಂಡ್ ಬ್ರೇಡ್. ಇದರ ದಪ್ಪವೂ ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ರೀಲಿನ ಮೇಲೆ 12 ಪೌಂಡ್ ಮೋನೊಗೆ ಎಷ್ಟು ಮೀಟರ್ ಎಂದು ಬರೆದಿದೆಯೋ ಅಷ್ಟೇ ಹಿಡಿಯುತ್ತದೆ. ಈಗ ಬಳಸುತ್ತಿರುವ 20 ಪೌಂಡ್ ಬ್ರೇಡನ್ನು ಇದಕ್ಕೆ ಸುತ್ತಬೇಡಿ. ತೆಳು ದಾರ ಮೀನು ಎಳೆದಾಗ ಕೆಳಗಿನ ಪದರಗಳ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ. ಮುಂದಿನ ಎಸೆತದಲ್ಲಿ ಸ್ಪೂಲ್ ಅರ್ಧದಾರಿಯಲ್ಲಿ ಗಕ್ಕನೆ ನಿಂತು ಲೂರ್ ಕಿತ್ತು ಹಾರುತ್ತದೆ.

ಬ್ರೇಡ್ ನುಣುಪು, ಲೋಹದ ಸ್ಪೂಲಿನ ಮೇಲೆ ಇಡೀ ಸುರುಳಿಯೇ ಜಾರುತ್ತದೆ. ಅದಕ್ಕೆ ಮೊದಲು 8-10 ಮೀಟರ್ ಮೋನೊ ಸುತ್ತಿ, ಡಬಲ್ ಯೂನಿ ಗಂಟು ಹಾಕಿ ಬ್ರೇಡ್ ಸೇರಿಸಿ. ಸುತ್ತುವಾಗ ಯಾರಾದರೂ ದಾರವನ್ನು ಒದ್ದೆ ಬಟ್ಟೆಯಲ್ಲಿ ಬಿಗಿ ಹಿಡಿದಿರಬೇಕು, ಸಡಿಲ ಸುತ್ತಿದ್ದು ಆಮೇಲೆ ಕಚ್ಚಿಕೊಳ್ಳುತ್ತದೆ. ಸ್ಪೂಲಿನ ಅಂಚಿಗೆ 2-3 ಮಿ.ಮೀ. ಬಾಕಿ ಇರುವಂತೆ ನಿಲ್ಲಿಸಿ. ಅಂಚಿನವರೆಗೆ ತುಂಬಿದರೆ ಸ್ಪೂಲ್ ಭಾರವಾಗಿ ನಿಲ್ಲಿಸಲು ಕಷ್ಟ. ಕಪ್ಪೆಗೆ ಲೀಡರ್ (ದಾರದ ಕೊನೆಗೆ ಕಟ್ಟುವ ಬೇರೆ ದಾರದ ತುಂಡು) ಬೇಡ, ಬ್ರೇಡಿಗೇ ಪಾಲೋಮಾರ್ ಗಂಟು ಹಾಕಿ.

ಮೊದಲ ಎಸೆತಕ್ಕೆ ಮುನ್ನ

ಕಪ್ಪೆಯ ಬದಲು ಕೊಕ್ಕೆಯಿಲ್ಲದ 15 ಗ್ರಾಂನ ಸೀಸದ ಗುಂಡನ್ನು ಕಟ್ಟಿ. ರಾಡನ್ನು ಗಡಿಯಾರದ ಹತ್ತು ಗಂಟೆಯ ಓರೆಗೆ ಹಿಡಿದು ಗುಂಡನ್ನು ತುದಿಯಿಂದ ಒಂದು ಗೇಣು ಕೆಳಗೆ ಬಿಡಿ. ಬ್ರೇಕ್ ಸೊನ್ನೆಯಲ್ಲಿರಲಿ. ಟೆನ್ಷನ್ ನಾಬನ್ನು ಬಿಗಿಸಿ ಥಂಬ್ ಬಾರ್ ಒತ್ತಿ: ಗುಂಡು ಅಲುಗಾಡದು. ಈಗ ನಾಬನ್ನು ಒಂದೊಂದೇ ಕ್ಲಿಕ್ ಸಡಿಲಿಸಿ. ಗುಂಡು ನಿಧಾನಕ್ಕೆ ಇಳಿಯತೊಡಗುವ ಹಂತ ಬರುತ್ತದೆ. ನೆಲ ಮುಟ್ಟಿದಾಗ ಸ್ಪೂಲ್ ತಾನಾಗಿಯೇ ನಿಲ್ಲಬೇಕು. ಅರ್ಧ ಸುತ್ತು ಹೆಚ್ಚು ತಿರುಗಿದರೆ ಪರವಾಗಿಲ್ಲ, ದಾರ ಉಬ್ಬಿದರೆ ಇನ್ನೊಂದು ಕ್ಲಿಕ್ ಬಿಗಿಸಿ. ಆಮೇಲೆ ಬ್ರೇಕ್ ಡಯಲನ್ನು ಹತ್ತರಲ್ಲಿ ಎಂಟಕ್ಕೆ ಏರಿಸಿ. ಲೂರ್ ಬದಲಿಸಿದಾಗಲೆಲ್ಲ ಈ ಪರೀಕ್ಷೆ ಮತ್ತೆ ಮಾಡಬೇಕು. 14 ಗ್ರಾಂಗೆ ಹೊಂದಿಸಿದ್ದರಲ್ಲಿ 10 ಗ್ರಾಂ ಎಸೆದರೆ ಸಿಕ್ಕು ಖಚಿತ.

ಮುಂದೆ ಪಳಗಿದ ಮೇಲೆ ನಾಬನ್ನು ಸ್ಪೂಲ್ ಪಕ್ಕಕ್ಕೆ ಅಲ್ಲಾಡದಷ್ಟೇ ಬಿಗಿಸಿ, ಉಳಿದದ್ದನ್ನು ಬ್ರೇಕಿಗೆ ಬಿಡುವವರು ಹೆಚ್ಚು. ಅದೇ ಒಳ್ಳೆಯ ರೂಢಿ ಕೂಡ, ಆದರೆ ಮೊದಲ ತಿಂಗಳಿಗಲ್ಲ.

ದೊಡ್ಡ ನಷ್ಟ ತಪ್ಪಿಸುವ ಒಂದು ಉಪಾಯವಿದೆ. 30 ಮೀಟರ್ ದಾರ ಹೊರಗೆಳೆದು, ಸ್ಪೂಲಿನಲ್ಲಿ ಉಳಿದ ದಾರದ ಮೇಲೆ ಅಡ್ಡಲಾಗಿ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿ, ಮತ್ತೆ ಸುತ್ತಿಕೊಳ್ಳಿ. ಸಿಕ್ಕು ಎಷ್ಟೇ ಕೆಟ್ಟದಾದರೂ ಟೇಪಿನ ಕೆಳಗೆ ಇಳಿಯುವುದಿಲ್ಲ. ಕೆರೆಗೆ ಹೊರಡುವ ಮುನ್ನ ಅದನ್ನು ತೆಗೆಯಲು ಮರೆಯಬೇಡಿ, ಇಲ್ಲವಾದರೆ ಮೀನು ಅಷ್ಟು ದೂರ ಓಡಿದಾಗ ದಾರ ಅಲ್ಲೇ ತಡೆಯುತ್ತದೆ.

ಹೆಬ್ಬೆರಳಿಗೆ ಪಾಠ

ಶಾಲೆಯ ಮೈದಾನವೋ ಕೊಯ್ಲಾದ ಗದ್ದೆಯೋ ಸಾಕು. ದಿನಕ್ಕೆ ಇಪ್ಪತ್ತು ನಿಮಿಷ ಎಸೆಯುವುದು ಭಾನುವಾರ ಮೂರು ಗಂಟೆ ಎಸೆಯುವುದಕ್ಕಿಂತ ಮೇಲು; ಹೆಬ್ಬೆರಳ ಚರ್ಮ ಉರಿಯತೊಡಗಿದರೆ ಹಿಡಿತದ ಸೂಕ್ಷ್ಮ ಹೋಗುತ್ತದೆ.

ಮೊದಲ ದಿನ ಎಸೆಯಲೇಬೇಡಿ. ಗುಂಡನ್ನು ರಾಡಿನ ತುದಿಯಿಂದ ಇಳಿಬಿಟ್ಟು, ಹೆಬ್ಬೆರಳಿನಿಂದಲೇ ಅದನ್ನು ಎದೆಮಟ್ಟಕ್ಕೆ ನಿಲ್ಲಿಸಿ, ಮತ್ತೆ ಬಿಟ್ಟು ಮೊಣಕಾಲಿಗೆ ನಿಲ್ಲಿಸಿ, ನೆಲ ಮುಟ್ಟುವ ಮೊದಲೇ ಮತ್ತೆ ನಿಲ್ಲಿಸಿ. ಬೆರಳಿನ ತುದಿಯಿಂದಲ್ಲ, ತುದಿಯ ಬದಿಯ ಮೆತ್ತನೆ ಭಾಗದಿಂದ, ಸ್ಪೂಲಿನ ನಡುವೆ ದಾರದ ಮೇಲೆ. ಒತ್ತುವುದಕ್ಕೂ ಸವರುವುದಕ್ಕೂ ಇರುವ ವ್ಯತ್ಯಾಸ ಬೆರಳಿಗೆ ತಿಳಿಯುವುದು ಇಲ್ಲೇ.

ಎರಡನೆಯದು ತೂಗೆಸೆತ. ರಾಡನ್ನು ಸೊಂಟದ ಮಟ್ಟದಲ್ಲಿ ಮುಂದಕ್ಕೆ ಹಿಡಿದು, ಹೆಬ್ಬೆರಳನ್ನು ಸ್ಪೂಲಿನ ಮೇಲಿಟ್ಟೇ ಥಂಬ್ ಬಾರ್ ಒತ್ತಿ, ಗುಂಡನ್ನು ಹಿಂದಕ್ಕೊಮ್ಮೆ ತೂಗಿ ಮುಂದಕ್ಕೆ ಬಂದಾಗ ಬೆರಳು ಸಡಿಲಿಸಿ. ಆರೇಳು ಮೀಟರ್ ಹೋದರೆ ಬೇಕಾದಷ್ಟಾಯಿತು. ಗುಂಡು ನೆಲಕ್ಕೆ ಬೀಳುವ ಚೂರು ಮೊದಲು ಬೆರಳು ಸ್ಪೂಲನ್ನು ನಿಲ್ಲಿಸಬೇಕು. ಕಣ್ಣು ಗುಂಡಿನ ಮೇಲಿರಲಿ, ರೀಲನ್ನು ನೋಡಬೇಡಿ.

ಇವೆರಡೂ ಸಲೀಸಾದ ಮೇಲೆ ತಲೆಯ ಮೇಲಿನ ಎಸೆತ. ಗುಂಡು ತುದಿಯಿಂದ ಒಂದು ಗೇಣು ಕೆಳಗಿರಲಿ. ಮಣಿಕಟ್ಟನ್ನು ಎಡಕ್ಕೆ ತಿರುಗಿಸಿ, ಬೆರಳ ಗೆಣ್ಣುಗಳು ಆಕಾಶ ನೋಡುವಂತೆ ಹಿಡಿಯಿರಿ. ಬಲಗೈಯಲ್ಲಿ ಎಡ ಹ್ಯಾಂಡಲಿನ ರೀಲ್ ಹಿಡಿದಾಗ ಹ್ಯಾಂಡಲ್ ಕೆಳಮುಖವಾಗುತ್ತದೆ, ಸರಿಯಾಗಿದೆ. ಹೀಗೆ ಹಿಡಿದರೆ ಮಣಿಕಟ್ಟು ಸಲೀಸಾಗಿ ಮಡಚುತ್ತದೆ. ರಾಡನ್ನು ಒಂದು ಗಂಟೆಯ ಓರೆಯವರೆಗೆ ಹಿಂದಕ್ಕೆ ಒಯ್ಯಿರಿ, ಗುಂಡಿನ ಭಾರಕ್ಕೆ ತುದಿ ಬಾಗುವುದು ಕೈಗೆ ತಿಳಿದ ಕೂಡಲೇ ಮುಂದಕ್ಕೆ ತನ್ನಿ, ಹನ್ನೊಂದು ದಾಟುವಾಗ ಬೆರಳು ಸಡಿಲಿಸಿ. ವೇಗ ನಿಧಾನಕ್ಕೆ ಏರುತ್ತ ಹೋಗಬೇಕು. ಗುಂಡು ಮೇಲಕ್ಕೆ ಹಾರಿದರೆ ಬೆರಳು ಬೇಗ ಬಿಟ್ಟಿದ್ದೀರಿ. ಮುಂದೆಯೇ ನೆಲಕ್ಕೆ ಬಡಿದರೆ ತಡವಾಗಿ. ಬೆರಳನ್ನು ಪೂರಾ ಎತ್ತಬೇಡಿ, ಸ್ಪೂಲಿನ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ತೇಲಿಸಿ. ದಾರ ಉಬ್ಬತೊಡಗಿದರೆ ಆ ಉಬ್ಬೇ ಬಂದು ಬೆರಳಿಗೆ ತಾಗುತ್ತದೆ, ಆಗ ಮೆಲ್ಲಗೆ ಸವರಿ.

ಹತ್ತು ಮೀಟರ್ ದೂರದಲ್ಲಿ ಒಂದು ಪ್ಲಾಸ್ಟಿಕ್ ಬೇಸಿನ್ ಇಟ್ಟುಕೊಳ್ಳಿ. ಅದರ ಪಕ್ಕ ಬೀಳತೊಡಗಿದ ಮೇಲೆ ಹದಿನೈದಕ್ಕೆ, ಆಮೇಲೆ ಇಪ್ಪತ್ತಕ್ಕೆ ಸರಿಸಿ. ಒಂದು ಇಡೀ ಸಂಜೆ ಸಿಕ್ಕಿಲ್ಲದೆ ಕಳೆದರೆ ಬ್ರೇಕನ್ನು ಒಂದು ಅಂಕ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ. ನಾಲ್ಕೈದಕ್ಕೆ ಬಂದು ನಿಂತರೆ ಕಪ್ಪೆಗೆ ಅದು ತಕ್ಕ ಜಾಗ. ಬ್ರೇಡ್ ಸುತ್ತಿದ ದಿನ ಮತ್ತೆ ಏಳೆಂಟರಿಂದಲೇ ಶುರು ಮಾಡಿ. ಬ್ರೇಡಿಗೆ ಬಿಗುಪಿಲ್ಲ, ಸಡಿಲವಾದ ತಕ್ಷಣ ಕುಸಿಯುತ್ತದೆ.

ಸಿಕ್ಕನ್ನು ಓದುವುದು, ಬಿಡಿಸುವುದು

ಸಿಕ್ಕು ಆದಾಗ ಕೋಪದಲ್ಲಿ ಎಳೆಯುವ ಮೊದಲು ಅದು ಯಾವಾಗ ಆಯಿತೆಂದು ನೋಡಿ. ಗುಂಡು ಐದಾರು ಮೀಟರ್ ಹೋಗುವಷ್ಟರಲ್ಲಿ ಆಗಿದ್ದರೆ ಬೀಸಿದ್ದು ಜರ್ಕ್. ರೀಲನ್ನು ಮುಟ್ಟಬೇಡಿ, ಕೈ ನಿಧಾನಿಸಿ. ನಡುದಾರಿಯಲ್ಲಿ ಉಬ್ಬಿದರೆ ಬ್ರೇಕ್ ಒಂದೆರಡು ಅಂಕ ಏರಿಸಿ, ಎದುರುಗಾಳಿಯಿದ್ದರೆ ಮೂರು, ಮತ್ತು ರಾಡನ್ನು ಪಕ್ಕದಿಂದ ತಗ್ಗಾಗಿ ಬೀಸಿ. ಬಿದ್ದ ಮೇಲೆ ಆಗಿದ್ದರೆ ಬೆರಳು ತಡವಾಯಿತು, ಅಷ್ಟೇ.

ಬಿಡಿಸುವಾಗ ಹೀಗೆ ಮಾಡಿ: ಹೆಬ್ಬೆರಳಿನಿಂದ ಸ್ಪೂಲನ್ನು ಬಲವಾಗಿ ಒತ್ತಿ, ಒತ್ತಿದಂತೆಯೇ ಹ್ಯಾಂಡಲನ್ನು ಎರಡು ಮೂರು ಸುತ್ತು ತಿರುಗಿಸಿ. ಉಬ್ಬಿದ ಕುಣಿಕೆಗಳು ಚಪ್ಪಟೆಯಾಗಿ ಜಾರುತ್ತವೆ. ಆಮೇಲೆ ಥಂಬ್ ಬಾರ್ ಒತ್ತಿ ದಾರವನ್ನು ಮೆಲ್ಲಗೆ ಎಳೆಯಿರಿ, ತಡೆದಲ್ಲಿ ನಿಲ್ಲಿಸಿ, ಮತ್ತೆ ಒತ್ತಿ ತಿರುಗಿಸಿ. ಸಾಧಾರಣ ಸಿಕ್ಕುಗಳು ನಾಲ್ಕೈದು ಸಲದಲ್ಲಿ ಬಿಚ್ಚಿಕೊಳ್ಳುತ್ತವೆ. ಉಳಿದದ್ದಕ್ಕೆ ಅಡ್ಡಲಾಗಿ ಹಾದುಹೋದ ಕುಣಿಕೆಯನ್ನು ಹುಡುಕಿ ಮೊಂಡು ಕಡ್ಡಿಯಿಂದ ಎತ್ತಿ. ಜಗ್ಗಿ ಎಳೆದರೆ ಕುಣಿಕೆ ಗಂಟಾಗುತ್ತದೆ, ಆಮೇಲೆ ಕತ್ತರಿಯೇ ಗತಿ. ಬಿಚ್ಚಿದ ಮೇಲೆ ಮೋನೊ ದಾರವನ್ನು ಬೆರಳ ನಡುವೆ ಹಾಯಿಸಿ ನೋಡಿ: ಮುರಿಗೆ ಬಿದ್ದು ಬಿಳಿಚಿಕೊಂಡ ಕಡೆ ಬಲ ಹೋಗಿರುತ್ತದೆ. ಅಲ್ಲಿಯವರೆಗೆ ಕತ್ತರಿಸಿ ತೆಗೆಯಿರಿ, ತುಂಡುಗಳನ್ನು ಮನೆಗೆ ತನ್ನಿ. ಕೆರೆಯಂಚಲ್ಲಿ ಬಿಸಾಡಿದ ದಾರ ಹಕ್ಕಿಗಳ ಕಾಲಿಗೆ ಸುತ್ತಿ ಕೊಲ್ಲುತ್ತದೆ.

ಕೆರೆಯ ಮೇಲೆ

ಡ್ರ್ಯಾಗನ್ನು ಅಂದಾಜಿಗೆ ಬಿಗಿಸಬೇಡಿ. ಲಗೇಜು ತೂಗುವ ಸಣ್ಣ ತಕ್ಕಡಿಯನ್ನು ದಾರಕ್ಕೆ ಕಟ್ಟಿ ಎಳೆಯಿರಿ. 50 ಪೌಂಡ್ ಅಂದರೆ ಸುಮಾರು 22 ಕಿಲೊ. ಅದರ ಕಾಲು ಭಾಗ, ಐದೂವರೆ ಕಿಲೊಗೆ ದಾರ ಜಾರತೊಡಗುವಂತಿರಲಿ. ಜೊಂಡು ಬಹಳ ಒತ್ತಾಗಿದ್ದರೆ ಏಳಕ್ಕೆ ಏರಿಸಬಹುದು. ನಿಮ್ಮ ಮೀನುಗಳು ತಪ್ಪಿದ್ದರಲ್ಲಿ ಸಡಿಲ ಡ್ರ್ಯಾಗಿನ ಪಾಲೂ ಇರಬೇಕು. ಕೊರವ ಬಾಯಿ ಹಾಕಿದ ಶಬ್ದಕ್ಕೇ ಹೊಡೆಯದೆ, ರಾಡಿನ ತುದಿ ತಗ್ಗಿಸಿ ಸಡಿಲ ದಾರ ಸುತ್ತಿ, ಮೀನಿನ ಭಾರ ತಾಗಿದ ಮೇಲೆ ಮೇಲಕ್ಕೆ ಬಲವಾಗಿ ಹೊಡೆಯಿರಿ. ಹೊಡೆದ ಮೇಲೆ ಆಡಿಸುತ್ತ ನಿಲ್ಲದೆ ಮೊದಲ ಐದಾರು ಸುತ್ತನ್ನು ಒಂದೇ ಉಸಿರಿಗೆ ಸುತ್ತಿ ತಲೆಯನ್ನು ಮೇಲಕ್ಕೆ ತನ್ನಿ. ಈ ರೀಲ್ ಕೊಂಡದ್ದು ಆ ಐದು ಸುತ್ತಿಗೇ.

ಕಪ್ಪೆ ಬೇರಿಗೆ ಸಿಕ್ಕಿಕೊಂಡರೆ ರಾಡನ್ನು ಬಾಗಿಸಿ ಕೀಳಬೇಡಿ, ಬ್ರೇಡನ್ನು ಬರಿಗೈಗೂ ಸುತ್ತಿಕೊಳ್ಳಬೇಡಿ, ಕೈ ಕೊಯ್ಯುತ್ತದೆ. ಒಂದು ಗಟ್ಟಿ ಕಡ್ಡಿಗೆ ದಾರ ಸುತ್ತಿ ನೇರ ಎಳೆಯಿರಿ. ಬಿಟ್ಟುಬಂದ ಮೇಲೆ 20 ಮೀಟರ್ ದಾರ ಹೊರಗೆಳೆದು ಬಿಗಿಯಾಗಿ ಮತ್ತೆ ಸುತ್ತಿ, ಇಲ್ಲದಿದ್ದರೆ ಮುಂದಿನ ಎಸೆತದಲ್ಲಿ ಕಚ್ಚಿಕೊಳ್ಳುತ್ತದೆ. ಏರಿಯ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆಯೇ ತಲೆ ಎತ್ತಿ ನೋಡಿ. ಕಾರ್ಬನ್ ರಾಡ್ ವಿದ್ಯುತ್ತನ್ನು ಹರಿಸುತ್ತದೆ.

ಕೆರೆಯ ಮೀನು ಪಾಶುವಾರು ಹಕ್ಕು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಅಥವಾ ಸಹಕಾರ ಸಂಘದ ಒಪ್ಪಿಗೆ ಕೇಳಿ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಬುಳುಬುಳು ಎನ್ನುತ್ತಿದ್ದರೆ ಅದರ ಕೆಳಗೆ ತಾಯಿತಂದೆ ಮೀನುಗಳು ಕಾವಲಿರುತ್ತವೆ. ಅಲ್ಲಿಗೆ ಕಪ್ಪೆ ಎಸೆದರೆ ಕಚ್ಚುವುದು ಖಂಡಿತ, ಆದರೆ ಎಸೆಯಬೇಡಿ. ಕಾವಲು ಹೋದ ಮರಿಗಳನ್ನು ಉಳಿದ ಮೀನುಗಳು ಒಂದೇ ದಿನದಲ್ಲಿ ಮುಗಿಸುತ್ತವೆ, ಮುಂದಿನ ವರ್ಷಗಳ ಕೊರವ ಅಲ್ಲೇ ಹೋಯಿತು.

ರೀಲಿನ ಆರೈಕೆ

ಕೆರೆಯಿಂದ ಬಂದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿದರೆ ಸಾಕು. ಕರಾವಳಿಯ ಅಳಿವೆಗಳಲ್ಲಿ ಕೆಂಬೇರಿ ಹಿಡಿಯಲು ಒಯ್ದರೆ ಉಪ್ಪು ತೊಳೆಯಲೇಬೇಕು: ಡ್ರ್ಯಾಗ್ ಬಿಗಿಸಿ, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆಯಿರಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಉಪ್ಪು ಒಳಗೆ ಇಳಿಯುತ್ತದೆ. ತಿಂಗಳಿಗೊಮ್ಮೆ ಪಕ್ಕದ ಮುಚ್ಚಳ ತೆರೆದು ಸ್ಪೂಲಿನ ಬೇರಿಂಗ್‌ಗಳಿಗೆ ತಲಾ ಒಂದು ಹನಿ ತೆಳು ರೀಲ್ ಎಣ್ಣೆ. ಎರಡನೇ ಹನಿ ಎಸೆತವನ್ನು ನಿಧಾನಿಸುತ್ತದೆ. ದಾರವನ್ನು ಎಡಬಲಕ್ಕೆ ಒಯ್ಯುವ ಲೆವೆಲ್ ವೈಂಡಿನ ತಿರುಪುಕಡ್ಡಿಯಲ್ಲಿ ಮಣ್ಣು ಕೂರುತ್ತದೆ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಕೆರೆದು ಒಂದು ಹನಿ ಹಾಕಿ. ಗೇರುಗಳಿಗೆ ಗ್ರೀಸ್, ವರ್ಷಕ್ಕೊಮ್ಮೆ. ಕೊಬ್ಬರಿ ಎಣ್ಣೆ ಹಾಕಬೇಡಿ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಮೈಸೂರು-ಮಂಡ್ಯದ ಚಳಿಗಾಲದ ಮುಂಜಾನೆಗೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಡಬ್ಲ್ಯುಡಿ-40 ತುಕ್ಕು ಬಿಡಿಸುವ ದ್ರವ, ಬೇರಿಂಗ್‌ಗೆ ನಿಲ್ಲುವ ಎಣ್ಣೆಯಲ್ಲ. ಎತ್ತಿಡುವಾಗ ಸ್ಟಾರ್ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡಿ. ಬಿಗಿಯಾಗಿ ಬಿಟ್ಟರೆ ಒಳಗಿನ ವಾಷರ್‌ಗಳು ಅದುಮಿಕೊಂಡು ಅಂಟಿ, ಮುಂದಿನ ಸಲ ದಾರ ಜಾರುವ ಬದಲು ಜಗ್ಗಿ ಜಗ್ಗಿ ಬಿಡುತ್ತದೆ.